ರಾಜಕುಮಾರನ ಮೊಣಕಾಲು

ರಾಬರ್ಟ್ ಮ್ಯಾಸಿ ಬರೆದ ‘ನಿಕೊಲಸ್ ಅಂಡ್ ಅಲೆಕ್ಸಾಂಡ್ರಾ’ (1967) ದಪ್ಪ ಪುಸ್ತಕ. ಧಾರವಾಡದ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಸಮಾಜ ಪಾಠ ಹೇಳುವವಳಿಗೆ ರಶಿಯದ ಕ್ರಾಂತಿಯ ಬಗ್ಗೆ ನಾಲ್ಕು ಮಾತು ಹೆಚ್ಚು ಸಿಕ್ಕೀತೆಂಬ ಆಸೆಯಿಂದ ಶಲವಡಿಯ ಬಸ್ಸಿನಲ್ಲೇ ಓದತೊಡಗಿದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಝಾರ್ ಅಲ್ಲ, ಅವನ ಮಗ ಅಲೆಕ್ಸೇಯನ ಮೊಣಕಾಲು. ನನ್ನ ತಮ್ಮನಿಗೂ ಅದೇ ಹಿಮೊಫಿಲಿಯಾ.

ಮ್ಯಾಸಿಯ ಮಗನಿಗೂ ಈ ರೋಗವಿತ್ತು. ಅದಕ್ಕೇ ಇರಬೇಕು, 1912ರಲ್ಲಿ ಸ್ಪಾಲಾದಲ್ಲಿ ಹುಡುಗ ಒಳಗೊಳಗೇ ರಕ್ತ ಸೋರಿ ನರಳುವ ಪುಟಗಳಲ್ಲಿ ಒಂದು ಮಾತೂ ಸುಳ್ಳೆನಿಸುವುದಿಲ್ಲ. ರೋಗ ತನ್ನಿಂದಲೇ ಬಂತೆಂದು ಕೊರಗುವ ಅಲೆಕ್ಸಾಂಡ್ರಾಳಲ್ಲಿ ನಾನು ನಮ್ಮವ್ವನನ್ನು ಕಂಡೆ. ತಮ್ಮನ ಹಾಲುಹಲ್ಲು ಬಿದ್ದು ಮೂರು ದಿನ ರಕ್ತ ನಿಲ್ಲದಿದ್ದಾಗ ‘ನಿನ್ನ ತವರಿನ ರಕ್ತಾನ ಕೆಟ್ಟದ್ದು’ ಎಂದಿದ್ದಳು ಅಜ್ಜಿ. ಅರಮನೆಗೆ ರಾಸ್ಪುಟಿನ್ ಬಂದ. ನಮ್ಮ ಮನೆಗೆ ತಾಯತ ಕಟ್ಟುವವ ಬಂದ. ನಮ್ಮವ ಎರಡು ತೆಂಗಿನಕಾಯಿಗೇ ತೃಪ್ತನಾದ, ಪುಣ್ಯ.

ನನ್ನ ತಕರಾರು ಬೇರೆ. ಮ್ಯಾಸಿಗೆ ರೋಗ ಬೇಕಾಗಿರುವುದು ಸಿಂಹಾಸನ ಉರುಳಿಸುವುದಕ್ಕೆ. ರೋಗದಿಂದ ರಾಸ್ಪುಟಿನ್, ಅವನಿಂದ ಕ್ರಾಂತಿ! ಯುದ್ಧ, ರೊಟ್ಟಿಯ ಸಾಲು ಇವೆಲ್ಲ ಹಿಂದೆ ಸರಿಯುತ್ತವೆ. ಹುಡುಗನೂ ನಾವಿಕನ ತೋಳಿನಲ್ಲಿರುವ ಕೂಸಾಗಿಯೇ ಉಳಿಯುತ್ತಾನೆ. 1918ರಲ್ಲಿ, ಹದಿನಾಲ್ಕು ತುಂಬುವ ಮೊದಲೇ ಅವನನ್ನು ಗುಂಡಿಟ್ಟು ಕೊಂದರು. ಅದು ಲೇಖಕನ ತಪ್ಪಲ್ಲ, ನಿಜ. ಆದರೆ ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್ ಇದೇ ರೋಗದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದ, ಮದುವೆಯಾದ, ಮಗಳನ್ನು ಕಂಡ, 1884ರಲ್ಲಿ ಮೂವತ್ತನೆಯ ವಯಸ್ಸಿನಲ್ಲಿ ಬಿದ್ದು ತೀರಿಕೊಂಡ. ಅವನ ಬದುಕನ್ನು ಹೀಗೆ ಸಾವಕಾಶವಾಗಿ ಯಾರಾದರೂ ಹೇಳಬಾರದೆ ಎನಿಸಿತು.

ಯಾಕೆಂದರೆ ನನ್ನ ತಮ್ಮ ಕೂಸಲ್ಲ. ಬಾಗದ ಮೊಣಕಾಲಿನ, ಮದುವೆ ಕೂಡಿಬರದ ಗಂಡಸು. ದಾವಣಗೆರೆಯಲ್ಲಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿಯವರು ಸ್ವತಃ ಈ ರೋಗದೊಡನೆ ಬಾಳಿದವರು. ಅಲ್ಲಿಗೆ ಮೊದಲ ಸಲ ಹೋಗಿಬಂದ ತಮ್ಮ ಅಂದದ್ದು: ‘ಅಕ್ಕಾ, ಅಲ್ಲಿ ಭಾಳ ಮಂದಿ ಮೊಣಕಾಲು ನನ್ನಂಥಾವ ಅದಾವ. ಏನಾತು ಅಂತ ಒಬ್ಬರೂ ಕೇಳಲಿಲ್ಲ.’ ಬಾವು ಬರುವ ಮೊದಲೇ ಫ್ಯಾಕ್ಟರ್ ಇಂಜೆಕ್ಷನ್ ತೆಗೆದುಕೊಳ್ಳಬೇಕೆಂದು ಅವನು ಕಲಿತದ್ದು ಅವರಿಂದ. ಮೂರರಲ್ಲೊಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಇದು ಇರುವುದಿಲ್ಲವೆಂದು ತಿಳಿದಾಗ ಅವ್ವ ಇರಲಿಲ್ಲ.

ನಾನೂ ವಾಹಕಳಿರಬಹುದು, ನನ್ನಿಂದ ಮಗಳೂ. ಬೀಗರಿಗೆ ಹೇಳಬೇಕೋ ಬೇಡವೋ ಎಂಬ ವಾದ ಮನೆಯಲ್ಲಿ ನಡೆದಿದೆ, ಹೇಳಲೇಬೇಕೆನ್ನುವವಳು ಮಗಳೇ.

ರಾತ್ರಿ ಊಟವಾದ ಮೇಲೆ ತಮ್ಮನಿಗೆ ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಸ್ಪಾಲಾ ಮುಗಿದ ದಿನ ಕೇಳಿದ: ‘ಈ ಹುಡುಗ ದೊಡ್ಡಾವ ಆಗೂದಿಲ್ಲೇನ?’