ಗುಮ್ಮನೊಡನೆ ಗೆಳೆತನ: ಅರವಿಂದನ್ ಅವರ ‘ಕುಮ್ಮಾಟಿ’

ಜಿ. ಅರವಿಂದನ್ ನಿರ್ದೇಶನದ, 1979ರ ಮಲಯಾಳಂ ಮಕ್ಕಳ ಚಿತ್ರ ‘ಕುಮ್ಮಾಟಿ’, ಮಗುವೊಂದು ಅಲೌಕಿಕ ಜೀವಿಯ ಸ್ನೇಹ ಸಂಪಾದಿಸುವ ಪರಿಚಿತ ಕಥೆಯನ್ನೇ ಹೇಳಿದರೂ, ಆ ಸ್ನೇಹದೊಳಗಿನ ಭಯವನ್ನು ಒರೆಸಿಹಾಕದ ಕಾರಣಕ್ಕೆ ಇಂಥ ಚಿತ್ರಗಳ ನಡುವೆ ಬೇರೆಯಾಗಿ ನಿಲ್ಲುತ್ತದೆ. ಕುಮ್ಮಾಟಿಯೆಂದರೆ ಕೇರಳದ ಹಿರಿಯರು ಮಕ್ಕಳನ್ನು ಹೆದರಿಸಲು ಬಳಸುವ ಹೆಸರು, ಅಂದರೆ ಕನ್ನಡದ ಮನೆಗಳ ಗುಮ್ಮ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನು ತಾಯಿಯನ್ನು ಬೇಡುವ ಪುರಂದರದಾಸರ ಕೀರ್ತನೆಯನ್ನು ಕೇಳಿ ಬೆಳೆದವರಿಗೆ, ಮಕ್ಕಳೇ ಗುಮ್ಮನ ಬೆನ್ನುಹತ್ತಿ ಹಾಡುತ್ತ ಕುಣಿಯುವ ಈ ಚಿತ್ರ ಅದೇ ಭಯದ ಇನ್ನೊಂದು ಮುಖವನ್ನು ತೋರಿಸುತ್ತದೆ.

ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿ ಚಿತ್ರೀಕರಣಗೊಂಡ ಈ ಕೃತಿಯಲ್ಲಿ, ಶಾಜಿ ಎನ್. ಕರುಣ್ ಅವರ ಕ್ಯಾಮೆರಾ ಹುಲ್ಲು ಹೊದ್ದ ಮುರಕಲ್ಲಿನ ಬಯಲನ್ನು ದೂರದಿಂದ, ಆತುರವಿಲ್ಲದೆ ನೋಡುವುದರಿಂದ, ಹಾಡುತ್ತ ಬರುವ ಮುದುಕ ಮನುಷ್ಯನೋ ಮಾಯಾವಿಯೋ ಎಂಬುದು ಬಹಳ ಹೊತ್ತು ತೀರ್ಮಾನವಾಗುವುದಿಲ್ಲ. ಪ್ರಾಣಿಗಳ ಮುಖವಾಡ ತೊಟ್ಟ ಮಕ್ಕಳನ್ನು ಅವನು ಆಟದ ನಡುವೆ ನಿಜವಾದ ಪ್ರಾಣಿಗಳನ್ನಾಗಿಸಿದಾಗಲೂ, ಅರವಿಂದನ್ ತಂತ್ರದ ಬೆರಗನ್ನು ಬಯಸದೆ, ಒಂದು ದೃಶ್ಯತುಣುಕಿನ ಪಕ್ಕಕ್ಕೆ ಇನ್ನೊಂದನ್ನು ಜೋಡಿಸುವ ಸಂಕಲನದಿಂದಲೇ ಕೆಲಸ ಮುಗಿಸುತ್ತಾರೆ. ನಾಯಿಯಾದ ಚಿಂದನ್ ಎಂಬ ಹುಡುಗ ಓಡಿಹೋಗಿ, ಉಳಿದವರು ಮತ್ತೆ ಮಕ್ಕಳಾಗುವ ಹೊತ್ತಿಗೆ ಅಲ್ಲಿರದೆ, ಕುಮ್ಮಾಟಿ ಮರುವರ್ಷ ಬರುವವರೆಗೂ ನಾಯಿಯಾಗಿಯೇ ಕಾಯಬೇಕಾಗುತ್ತದೆ. ಮಗುವಿನ ಗೆಳೆಯನೇ ಮಗುವಿನ ಸಂಕಟಕ್ಕೂ ಕಾರಣನಾಗುವ, ಆದರೂ ಖಳನಾಗದ ಈ ತಿರುವೇ ಚಿತ್ರದ ಧೈರ್ಯ. ಐದು ವರ್ಷಗಳ ನಂತರ ಬಂದ, ಭಾರತದ ಮೊದಲ ತ್ರೀಡಿ ಚಿತ್ರವಾದ ‘ಮೈ ಡಿಯರ್ ಕುಟ್ಟಿಚಾತನ್’ನಲ್ಲಿ ಪುಟ್ಟ ಮಾಯಾಜೀವಿ ಮಕ್ಕಳ ಆಸೆಗಳನ್ನು ಪೂರೈಸುವ ಜೊತೆಗಾರನಾಗಿಬಿಡುವುದನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕುಮ್ಮಾಟಿಯಲ್ಲಿ ದೋಷಗಳಿಲ್ಲವೆಂದಲ್ಲ, ನಾಯಿಯನ್ನು ಕೊಂಡೊಯ್ಯುವ ಪಟ್ಟಣದ ಸಿರಿವಂತರ ಚಿತ್ರಣ ತೆಳುವಾಗಿದ್ದು, ಹಳ್ಳಿಯ ಭಾಗದಲ್ಲಿರುವ ಗಮನ ಅಲ್ಲಿ ಕಾಣುವುದಿಲ್ಲ.

‘ಚಿನ್ನಾರಿ ಮುತ್ತ’ (1993), ‘ಕೊಟ್ರೇಶಿ ಕನಸು’ (1994) ಮೊದಲಾದ ಕನ್ನಡದ ಗಮನಾರ್ಹ ಮಕ್ಕಳ ಚಿತ್ರಗಳು ಸಾಮಾಜಿಕ ವಾಸ್ತವದ ದಾರಿ ಹಿಡಿದು ಗೆದ್ದವು. ಆದರೆ ಗುಮ್ಮನ ದಾರಿ ಬಹುಮಟ್ಟಿಗೆ ಖಾಲಿಯೇ ಉಳಿಯಿತು. ಸಾಮಗ್ರಿಯ ಕೊರತೆ ಇದಕ್ಕೆ ಕಾರಣವಲ್ಲ. ಸಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಯ ಹೊತ್ತಿಗೆ ಕುಣಿಯುವ ಬೇಡರ ವೇಷದಲ್ಲಿ, ನವಿಲುಗರಿ ಕಟ್ಟಿ, ಕೆಂಪು ಬಳಿದುಕೊಂಡು, ಹಗ್ಗ ಹಿಡಿದವರನ್ನೂ ಎಳೆದಾಡುತ್ತ ಮುನ್ನುಗ್ಗುವ ಬೇಡನನ್ನು ಕಂಡು ಓಡುವ ಮಕ್ಕಳೇ ಮರುಕ್ಷಣ ಅವನನ್ನು ನೋಡಲು ಮುಗಿಬೀಳುವುದರಲ್ಲಿ ಕುಮ್ಮಾಟಿಯ ಅರ್ಧ ಕಥೆ ಇದೆ. ಪಕ್ಕದ ಮುಂಡಗೋಡ ತಾಲೂಕಿನ ಅತ್ತಿವೇರಿಯಂಥ ಊರಿಗೆ, ಅದರ ಜಲಾಶಯ ಮತ್ತು ಪಕ್ಷಿಧಾಮಗಳೊಂದಿಗೆ, ಚೀಮೇನಿಯ ಬಯಲಿನಂತೆಯೇ ಕಥೆಯನ್ನು ಹೊರುವ ಶಕ್ತಿಯಿದೆ. ಮರಳಿ ಮನುಷ್ಯನಾದ ಚಿಂದನ್ ಪಂಜರದ ಗಿಳಿಯನ್ನು ಬಿಡುಗಡೆ ಮಾಡುವುದರ ಅರ್ಥವನ್ನು ಅಲ್ಲಿನ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರ ಸಂಸ್ಥೆಗಳು 2021ರಲ್ಲಿ ಈ ಚಿತ್ರವನ್ನು ಪುನರುಜ್ಜೀವನಗೊಳಿಸಿರುವುದರಿಂದ, ಅದರ ಬಣ್ಣ ಮತ್ತು ಧ್ವನಿ ಈಗ ನೋಡುವ ಸ್ಥಿತಿಯಲ್ಲಿವೆ. ಕನ್ನಡ ಅಡಿಬರಹಗಳೊಂದಿಗೆ ಇದನ್ನು ಉತ್ತರ ಕನ್ನಡದ ಶಾಲೆಗಳಿಗೆ ತಲುಪಿಸುವ ಕೆಲಸವನ್ನು ಚಿತ್ರಸಮಾಜಗಳು ಕೈಗೆತ್ತಿಕೊಳ್ಳಬೇಕು.