ಬೆಳ್ಳಿಗಿಂತ ಮೊದಲು ಗಾಜು ನೋಡಿ

ವಿಕ್ಟೋರಿಯಾ ರಾಣಿಯ ಕಾಲದ, ಲೋಹದ ಜಾಲರಿಯೊಳಗೆ ಗಾಜು ಕೂರಿಸಿದ ಸಕ್ಕರೆ ಬಟ್ಟಲು ಕೈಗೆ ಸಿಕ್ಕರೆ ಬಹುತೇಕರು ಅದನ್ನು ಬೋರಲು ಹಾಕಿ ಬೆಳ್ಳಿಯ ಮುದ್ರೆ ಹುಡುಕುತ್ತಾರೆ. ನಾನು ಮೊದಲು ಒಳಗಿನ ಗಾಜನ್ನು ಹೊರತೆಗೆದು ಬೆಳಕಿಗೆ ಹಿಡಿಯುತ್ತೇನೆ. ಈ ಜೋಡಿಯ ಜೀವ ಇರುವುದು ಗಾಜಿನಲ್ಲಿ.

ಹೊರಗಿನ ಜಾಲರಿ ಹೆಚ್ಚಾಗಿ ಅಪ್ಪಟ ಬೆಳ್ಳಿಯಲ್ಲ. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ ಹರಿಸಿ ಬೆಳ್ಳಿಯ ಮುಲಾಮು ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಮಧ್ಯಮ ವರ್ಗದ ಚಹಾ ಮೇಜಿಗೂ ಬೆಳ್ಳಿಯ ಹೊಳಪು ಬಂತು. ಮುಲಾಮಿನ ಕೆಳಗೆ ಸಾಮಾನ್ಯವಾಗಿ ಇರುವುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಅದೇ ನಮ್ಮ ಮನೆಗಳಲ್ಲೂ ಹೆಸರಾದ ಜರ್ಮನ್ ಸಿಲ್ವರ್. ಅದರಲ್ಲಿ ಬೆಳ್ಳಿ ಚೂರೂ ಇಲ್ಲ. ತಳದಲ್ಲಿ ಈ ಮುಲಾಮನ್ನು ಸೂಚಿಸುವ ‘ಇಪಿಎನ್‌ಎಸ್’ ಎಂಬ ನಾಲ್ಕು ಅಕ್ಷರಗಳನ್ನು ಪುಟ್ಟ ಪುಟ್ಟ ಗುರಾಣಿಗಳೊಳಗೆ ಒತ್ತಿರುವುದುಂಟು. ಅವಸರದ ಕಣ್ಣಿಗೆ ಅದು ಅಸಲಿ ಬೆಳ್ಳಿಯ ಮುದ್ರೆಯಂತೆಯೇ ಕಾಣುತ್ತದೆ. ಇಂಗ್ಲೆಂಡಿನ ಅಸಲಿ ಬೆಳ್ಳಿಗೆ ನಡೆಯುವ ಸಿಂಹದ ಗುರುತಿರಬೇಕು.

ಇನ್ನು ಗಾಜು. ಕಡುನೀಲಿ ಬಂದದ್ದು ಕೋಬಾಲ್ಟ್‌ನಿಂದ. ದಾಳಿಂಬೆ ಕಾಳಿನ ಕೆಂಪು ಬಂದದ್ದು ಚಿನ್ನದಿಂದ! ಆಮ್ಲದಲ್ಲಿ ಕರಗಿಸಿದ ಅತ್ಯಲ್ಪ ಚಿನ್ನವನ್ನು ಗಾಜಿನ ಪಾಕಕ್ಕೆ ಬೆರೆಸಿ, ಮತ್ತೆ ಕಾಯಿಸಿದಾಗ ಆ ಕೆಂಪು ಅರಳುತ್ತದೆ. ಜಾಲರಿಯ ತೂತುಗಳಿಂದ ಇಣುಕುವ ಈ ಬಣ್ಣಕ್ಕಾಗಿಯೇ ಬಟ್ಟಲನ್ನು ಮಾಡಿದ್ದು ಎಂದು ನನಗೆ ಅನ್ನಿಸುತ್ತದೆ. ತೂತು ಕೊರೆದ ಮೇಲೆ ಸಕ್ಕರೆ ಸೋರದಂತೆ ಗಾಜು ಹೇಗೂ ಬೇಕಿತ್ತು.

ನೀಲಿ ಗಾಜಿನ ಸಕ್ಕರೆ ಬಟ್ಟಲಿಗೆ ಇನ್ನೂ ಹಳೆಯ, ಗಂಭೀರವಾದ ಚರಿತ್ರೆಯೂ ಇದೆ. 1820ರ ದಶಕದಲ್ಲಿ ಗುಲಾಮಗಿರಿಯನ್ನು ವಿರೋಧಿಸಿದ ಬ್ರಿಟಿಷರು ವೆಸ್ಟ್ ಇಂಡೀಸ್‌ನ ಸಕ್ಕರೆ ಬಿಟ್ಟು ಭಾರತದ ಕಡೆಯ ಸಕ್ಕರೆ ಕೊಂಡರು. ಇದು ಗುಲಾಮರು ಮಾಡಿದ್ದಲ್ಲ ಎಂದು ಬಟ್ಟಲಿನ ಮೇಲೆಯೇ ಚಿನ್ನದ ಅಕ್ಷರದಲ್ಲಿ ಬರೆಸಿದರು. ಮನೆಗೆ ಬಂದ ಅತಿಥಿ ಸಕ್ಕರೆ ಹಾಕಿಕೊಳ್ಳುವ ಮುನ್ನ ಅದನ್ನು ಓದಲೇಬೇಕಿತ್ತು.

ಕೊಳ್ಳುವಾಗ ಗಾಜನ್ನು ಜಾಲರಿಯೊಳಗೆ ಕೂರಿಸಿ ಮೆಲ್ಲಗೆ ತಿರುಗಿಸಿ. ಅಲುಗಾಡಿದರೆ, ಅಂಚು ಮೇಲೆದ್ದು ನಿಂತರೆ ಅನುಮಾನಪಡಿ. ಗಾಜಿನ ತಳದಲ್ಲಿ ಬೇರೆ ಬೇರೆ ದಿಕ್ಕಿನ ಸಣ್ಣ ಗೀರುಗಳಿದ್ದರೆ ಸಂತೋಷಪಡಿ, ಅವು ವರ್ಷಗಟ್ಟಲೆ ಬಳಸಿದ ಗುರುತು. ಎಲ್ಲ ಗೀರೂ ಒಂದೇ ಕಡೆಗಿದ್ದರೆ ಯಾರೋ ಉಜ್ಜಿ ಹಳತು ಮಾಡಿರಬಹುದು.

ಮನೆಯ ಬೆಳ್ಳಿಗೆ ವಿಭೂತಿ ಹಚ್ಚಿ ತಿಕ್ಕುವ ಹಾಗೆ ಜಾಲರಿಯನ್ನು ತಿಕ್ಕಬೇಡಿ, ಮುಲಾಮು ತೀರ ತೆಳು. ಮೆತ್ತನೆ ಹತ್ತಿಬಟ್ಟೆ ಸಾಕು. ರಬ್ಬರ್ ಹತ್ತಿರ ಇಡಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಅಲ್ಲಲ್ಲಿ ಮುಲಾಮು ಸವೆದು ಒಳಗಿನ ಲೋಹ ಕಂಡರೂ ಹಾಗೇ ಇರಲಿ. ಬೇಕಾದರೆ ಮುಲಾಮನ್ನು ಯಾವಾಗಲಾದರೂ ಮತ್ತೆ ಹಾಕಿಸಬಹುದು. ಆದರೆ ಒಡೆದ ಗಾಜಿಗೆ ಅಳತೆ, ಬಣ್ಣ ಎರಡೂ ಹೊಂದುವ ಜೋಡಿ ಸಿಗುವುದು ಬಲು ಕಷ್ಟ. ಗಾಜು ಬದಲಾದ ಬಟ್ಟಲಿಗೆ ಪೂರ್ತಿ ಬೆಲೆ ಕೊಡಬೇಡಿ.