ಬೆರಳ ತುದಿಯಲ್ಲಿ ಅರಳುವ ಚಿತ್ರ

2020ರ ಮಾರ್ಚ್. ಕೊರೊನಾ ಭಯಕ್ಕೆ ಯುರೋಪ್ ಬಾಗಿಲು ಹಾಕಿಕೊಂಡಿತ್ತು. ಫ್ರಾನ್ಸಿನ ನಾರ್ಮಂಡಿಯಲ್ಲಿದ್ದ 82ರ ಹರೆಯದ ಕಲಾವಿದ ಡೇವಿಡ್ ಹಾಕ್ನಿ ಐಪ್ಯಾಡಿನಲ್ಲಿ ಡ್ಯಾಫೊಡಿಲ್ ಹೂಗಳನ್ನು ಬರೆದು ಲೋಕಕ್ಕೆ ಕಳಿಸಿದರು. ಹಸಿರು ನೆಲ, ಹಳದಿ ಹೂ. ವಸಂತವನ್ನು ಯಾರೂ ರದ್ದು ಮಾಡಲಾರರು ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. 2009ರಿಂದಲೇ ಅವರು ಐಫೋನಿನಲ್ಲಿ ಹೂಗಳನ್ನು ಬರೆದು ಗೆಳೆಯರಿಗೆ ಕಳಿಸುತ್ತಿದ್ದರು.

ಪರದೆಯ ಮೇಲೆ ಚಿತ್ರ ಬರೆಯುವ ಈ ಪುಟ್ಟ ಕಲೆಯ ಬಗ್ಗೆ ನನಗೆ ಅಪಾರ ಗೌರವ. ಕಾಗದದ ಬಣ್ಣಕ್ಕೆ ಹೊರಗಿನ ಬೆಳಕು ಬೇಕು. ಪರದೆಯ ಬಣ್ಣ ತಾನೇ ಬೆಳಗುತ್ತದೆ. ಮನಸ್ಸಿನ ನೋವಿಗೂ ಈ ಕಲೆ ಒದಗುತ್ತದೆ. ನೋವಿನಿಂದ ಚೇತರಿಸಿಕೊಳ್ಳುತ್ತಿರುವವರು ಚಿತ್ರದ ಒಂದು ಪದರದಲ್ಲಿ (ಲೇಯರ್) ಕಪ್ಪು ಗೆರೆ ಎಳೆದು, ಅದರ ಮೇಲಿನ ಪದರದಲ್ಲಿ ಚಿಗುರು ಬರೆಯಬಹುದು. ಕೆಳಗಿನ ಪದರದ ಗಾಢತೆ ತಗ್ಗಿಸಿದರೆ ಕಪ್ಪು ಅಳಿಯುವುದಿಲ್ಲ, ತಿಳಿಯಾಗುತ್ತದೆ. ಗುಣವಾಗುವುದೂ ಬಹುಮಟ್ಟಿಗೆ ಹೀಗೆಯೇ. ತಪ್ಪಿದ ಗೆರೆಯನ್ನು ಹಿಂದಕ್ಕೆ ಪಡೆಯುವ ಸೌಲಭ್ಯ ನಡುಗುವ ಕೈಗೂ ಧೈರ್ಯ ಕೊಡುತ್ತದೆ.

ಇದಕ್ಕೆ ಕಲಾಶಾಲೆಯ ತರಬೇತಿ ಬೇಕಿಲ್ಲ. ಕಂಪ್ಯೂಟರಿನಲ್ಲಿ ಕ್ರಿತಾದಂಥ ಉಚಿತ ತಂತ್ರಾಂಶ ಸಾಕು. ಫೋನಿನಲ್ಲಾದರೆ ಬೆರಳೇ ಕುಂಚ. ಗೆರೆಗಳು ಕಡಿಮೆಯಾದಷ್ಟೂ ಸಂಕೇತ ಗಟ್ಟಿ: ಒಂದು ಹಕ್ಕಿ, ಒಂದು ತೆರೆದ ಕಿಟಕಿ, ಎರಡೇ ಬಣ್ಣ. ವೈದ್ಯರ, ಆಪ್ತಸಮಾಲೋಚಕರ ಜಾಗವನ್ನು ಚಿತ್ರ ತುಂಬಲಾರದು. ಆದರೆ ಬಾಯಿಬಿಟ್ಟು ಹೇಳಲಾಗದ್ದಕ್ಕೆ ಅದು ಆಕಾರ ಕೊಡುತ್ತದೆ. ಬೇಕೆನಿಸಿದಾಗ, ಬೇಕಾದವರಿಗಷ್ಟೇ ತೋರಿಸುವ ಅಧಿಕಾರವನ್ನು ಬರೆದವರ ಕೈಯಲ್ಲೇ ಉಳಿಸುತ್ತದೆ.